ತೆಗೆಯದ ಹಲ್ಲು

ಗಂಗೆ ಮೀನುಸಾರು ಬೇಡ ಅಂದಳು ಎಂದರೆ ಹಾರವಾಡದ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಜ್ವರ ಬಂದು ಮಲಗಿದಾಗಲೂ ಬಂಗಡೆಯ ತಲೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ ಅವಳು. ಅಂಥವಳು ಆ ಮಧ್ಯಾಹ್ನ ಬಟ್ಟಲನ್ನು ಆಚೆ ಸರಿಸಿ, "ನಂಗೆ ಬರೀ ಗಂಜಿ ಸಾಕು. ಒಂದು ಹರಳು ಉಪ್ಪು ಹಾಕು," ಅಂದಳು.

ಸೊಸೆ ಜಯಂತಿಗೆ ಸಿಟ್ಟು ಬಂತು. ಬೆಳಿಗ್ಗೆ ಎದ್ದು ಅಂಕೋಲೆ ಪೇಟೆಯಲ್ಲಿ ಒಂದು ಬುಟ್ಟಿ ಮೀನು ಮಾರಿ ಬಂದು, ಸೊಂಟ ನೆಟ್ಟಗೆ ಮಾಡುವ ಮೊದಲು ಮಸಾಲೆ ಅರೆದಿದ್ದಳು.

"ನಿನ್ನೆನೂ ಹಂಗೇ ಅಂದ್ರಿ, ಮೊನ್ನೆನೂ ಹಂಗೇ. ನನ್ನ ಕೈ ಅಡುಗೆ ಸೇರೂದಿಲ್ಲ ಅಂತ ನೆಟ್ಟಗೆ ಹೇಳಿ ಅತ್ತೆ. ಸೊಸೆ ಗಂಜಿ ಹಾಕಿ ಒಣಗಿಸ್ತದೆ ಅಂತ ಕೇರಿಯೆಲ್ಲಾ ಆಡೂದು ಬೇಡ."

"ನಿನ್ನ ಕೈಗೆ ಎಂತ ಆಗದೆ? ಖಾರ ಜಾಸ್ತಿ."

"ಮೆಣಸು ಅದೇ. ನೀವೇ ಅಂಗಳದಲ್ಲಿ ಒಣಗಿಸಿದ್ದು."

"ಹಂಗಾರೆ ಮೆಣಸಿಗೇ ಸೊಕ್ಕು ಬಂದದೆ."

ಗಂಗೆಯ ಗಂಡ ಮಾಬ್ಲ ಕುಳಿತಲ್ಲೇ ನಕ್ಕ. "ಇಷ್ಟು ವರ್ಷ ನಿನ್ನ ಜೊತೆ ಒಂದೇ ಮನೇಲಿ ಇತ್ತಲ, ನಿಂದೇ ಸೊಕ್ಕು ಹತ್ತಿರಬೇಕು ಅದ್ಕೆ!"

ಬೇರೆ ದಿನವಾಗಿದ್ದರೆ ಗಂಗೆ ಬಾಯ್ತುಂಬ ನಗುತ್ತಿದ್ದಳು. ಕಟ್ಟಿಸಿದ ಹಲ್ಲುಸೆಟ್ಟು ಮೇಲಿಂದ ಕೆಳಗಿನವರೆಗೆ ಬೆಳ್ಳಗೆ ಕಾಣಿಸುವಂತೆ ನಗುವುದು ಅವಳಿಗೆ ಬಲು ಇಷ್ಟ. ಆವತ್ತು ಅವಳು ತುಟಿ ಬಿಚ್ಚಲಿಲ್ಲ. ಗಂಜಿಯನ್ನು ಹೊಯ್ದುಕೊಂಡ ಹಾಗೆ ಕುಡಿದು, ಎದ್ದು ಹಿತ್ತಲಿಗೆ ಹೋದಳು.

ಮೊಮ್ಮಗಳು ಸುಮಿತಾ ಬಟ್ಟೆ ತರಲು ಅದೇ ಹೊತ್ತಿಗೆ ಹಿತ್ತಲಿಗೆ ಹೋದಳು. ಬಚ್ಚಲ ಗೋಡೆಯ ಆಚೆ ಅಜ್ಜಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕೈಯಲ್ಲಿ ಹಲ್ಲುಸೆಟ್ಟು. ನೀರು ಮುಕ್ಕಳಿಸಿ ತಲೆ ಎತ್ತಿದಾಗ ಬಿಸಿಲು ನೇರ ಬಾಯೊಳಗೆ ಬಿತ್ತು. ಮೇಲಿನ ಅಂಗುಳವೆಲ್ಲ ಕೆಂಡದಂತೆ ಕೆಂಪಾಗಿತ್ತು. ಅದರ ಮೇಲೆ ಬಿಳಿ ಬಿಳಿ ತೇಪೆ, ಮೊಸರು ಒಡೆದು ಅಂಟಿದ ಹಾಗೆ.

"ಅಜ್ಜಿ, ಎಂತದು ಅದು?"

ಗಂಗೆ ಹಲ್ಲನ್ನು ಥಟ್ಟನೆ ಬಾಯಿಗೆ ತುರುಕಿಕೊಂಡಳು. ಮೊಮ್ಮಗಳ ಮಣಿಕಟ್ಟು ಹಿಡಿದಳು.

"ನೀ ಎಂತದೂ ನೋಡಲಿಲ್ಲ. ತಿಳೀತಾ ತಂಗಿ? ನಿನ್ನ ಅಪ್ಪನ ಹತ್ರ ಹೇಳಿದ್ರೆ ನನ್ನ ಹೆಣ ನೋಡ್ತೆ."

"ಎಷ್ಟು ದಿನ ಆಯ್ತು?"

"ಹೀರಾಗೂ ಹಿಂಗೇ ಶುರುವಾಗಿತ್ತು," ಅಂದಳು ಗಂಗೆ.

ಹೀರಾ ಗಂಗೆಯ ತಂಗಿ. ಹಿಂದಿನ ವರ್ಷ ಕೆನ್ನೆಯಲ್ಲಿ ತೂತು ಬಿದ್ದು ಸತ್ತವಳು. ಅಕ್ಕತಂಗಿಯರು ಇಬ್ಬರೂ ಹುಡುಗಿಯರಾಗಿದ್ದಾಗಿನಿಂದ ಒಂದೇ ಸಂಚಿಯ ಎಲೆ, ಒಂದೇ ಸಂಚಿಯ ತಂಬಾಕು ಜಗಿದವರು. ಕೊನೆಕೊನೆಗೆ ಹೀರಾಳ ಕೋಣೆಗೆ ಹೋಗಿ ಬಂದವರು ಸ್ನಾನ ಮಾಡದೆ ಊಟಕ್ಕೆ ಕೂರುತ್ತಿರಲಿಲ್ಲ, ವಾಸನೆ ಹಾಗಿತ್ತು. ಆ ರೋಗದ ಹೆಸರನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಸುಮಿತಾ ದಿನವೂ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬಿ.ಎಸ್ಸಿ. ಓದುತ್ತಿದ್ದಳು. ಕೊನೆಯ ವರ್ಷ. ಅವಳ ಪ್ರಾಜೆಕ್ಟು ಏನು ಗೊತ್ತೇ? ಹಲ್ಲುಸೆಟ್ಟು ಮಾಡುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನ ಮೇಲೆ ಬೆಳೆಯುವ ಬೂಸ್ಟನ್ನು ಗಿಡಮೂಲಿಕೆಯ ರಸದಿಂದ ತಡೆಯಬಹುದೇ ಎಂದು ನೋಡುವುದು. ಹಲ್ಲು ಕಟ್ಟುವವರಿಂದ ಪ್ಲಾಸ್ಟಿಕ್ಕಿನ ಚೂರು ತಂದು, ಅದಕ್ಕೆ ಬೂಸ್ಟು ಹತ್ತಿಸಿ, ಪೇರಲ ಎಲೆ, ಲಕ್ಕಿ ಸೊಪ್ಪು, ದಾಲ್ಚಿನ್ನಿ ತೊಗಟೆ ಇವುಗಳ ರಸದಲ್ಲಿ ನೆನೆಸಿಡುತ್ತಿದ್ದಳು. ದಾಲ್ಚಿನ್ನಿಯಲ್ಲಿ ನೆನೆದ ಚೂರು ಎಲ್ಲದಕ್ಕಿಂತ ಸ್ವಚ್ಛವಾಗಿ ಬಂದಿತ್ತು. ಗಾಜಿನ ತಟ್ಟೆಯಲ್ಲಿ ಅವಳು ದಿನಾ ನೋಡುತ್ತಿದ್ದ ಬೂಸ್ಟೂ ಹೀಗೇ ಬೆಳ್ಳಗೆ, ಮೊಸರಿನ ಹಾಗೆ. ಅಜ್ಜಿಯ ಬಾಯಲ್ಲಿ ಕಂಡದ್ದು ಅದೇ ಇರಲಿ ದೇವರೇ ಎಂದು ಬಸ್ಸಿನಲ್ಲಿ ಇಡೀ ದಾರಿ ಬೇಡಿಕೊಂಡಳು.

ಪ್ರಯೋಗಾಲಯದಲ್ಲಿ, ಪ್ರಾಜೆಕ್ಟು ನೋಡಿಕೊಳ್ಳುತ್ತಿದ್ದ ಪ್ರಣತಿ ಮೇಡಂ ಹತ್ತಿರ ಹೇಳಿದಳು. ಮೇಡಂ ಕೇಳಿ, ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು.

"ಆಗಿರಬಹುದು. ಆಗದೆಯೂ ಇರಬಹುದು. ನಮ್ಮ ತಟ್ಟೆಯಲ್ಲಿ ಬೂಸ್ಟು ಸತ್ತರೆ ಅಜ್ಜಿಯ ಬಾಯಲ್ಲೂ ಸಾಯ್ತದೆ ಅಂತ ಏನೂ ಇಲ್ಲ ಸುಮಿತಾ. ತಂಬಾಕು ತಿಂತಾರೆ ಅಂತಿ. ಮೊದಲು ಡಾಕ್ಟರಿಗೆ ತೋರಿಸು."

ಆ ಸಂಜೆ ಸುಮಿತಾ ತಾಯಿಗೆ ಹೇಳಿದಳು. ಜಯಂತಿ ಒಲೆಯ ಮುಂದೆ ಕುಕ್ಕರಿಸಿದವಳು ಹಾಗೇ ಕೂತುಬಿಟ್ಟಳು. "ಅಯ್ಯೋ ದೇವ್ರೇ! ನಾ ಸೊಕ್ಕು ಅಂದ್ಕಂಡೆ." ಗಂಗೆಯ ಮಗ ನಿತೇಶ ಬೇಲೇಕೇರಿಯ ಐಸ್ ಫ್ಯಾಕ್ಟರಿಯಿಂದ ಬರುತ್ತಿದ್ದ ಹಾಗೆ ಅವನ ಕಿವಿಗೂ ಬಿತ್ತು. ಹೀರಾ ಚಿಕ್ಕಮ್ಮನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಎತ್ತಿಕೊಂಡು ತಿರುಗಿದವನು ಅವನೇ. ಹೆದರಿದಾಗ ಕೂಗಾಡುವುದು ಅವನ ಸ್ವಭಾವ.

"ಇಷ್ಟು ದಿನ ಬಾಯಿ ಮುಚ್ಕಂಡು ಕೂತದ್ಯಲ, ನಿಂಗೆ ಬುದ್ಧಿ ಅದ್ಯಾ ಆಯಿ?"

"ಬಾಯಿ ಬಿಟ್ಟ್ರೆ ಡಾಕ್ಟ್ರು ಹೆಸರು ಇಡ್ತ್ರು. ಹೆಸರು ಇಟ್ಟ ಮೇಲೆ ಹೀರಾ ಎಷ್ಟು ದಿನ ಇತ್ತು? ಹೆಸರು ಇಡೂವರೆಗೆ ಅದು ಮೀನು ಮಾರ್ತಾನೇ ಇತ್ತು."

"ಹೆಸರಿಂದ ಸತ್ತದ್ದಲ್ಲ ಅದು! ತಡ ಮಾಡಿ ಸತ್ತದ್ದು!"

"ಕೂಗಬೇಡ ನಿತೇಶ," ಅಂದ ಮಾಬ್ಲ. ಬಲೆ ಹೊಲಿಯುತ್ತಿದ್ದ ಅವನ ಕೈ ಯಾವಾಗಲೋ ನಿಂತಿತ್ತು. ಹೆಂಡತಿಯ ಕಡೆ ನೋಡಿದ. "ನಾಳೆ ಕಾರವಾರಕ್ಕೆ ಹೋಗುವ. ನಾನೂ ಬರ್ತೆ."

ಡಾಕ್ಟರ್ ಮಧುಕೇಶ್ವರ ಬಾಯಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಹತ್ತಿಯಿಂದ ಉಜ್ಜಿದರು. ಬಿಳಿ ತೇಪೆ ಬಹುಪಾಲು ಹತ್ತಿಗೆ ಬಂತು. ಬಲಗಡೆ ಅಂಚಿನಲ್ಲಿ ಒಂದು ಚೂರು ಮಾತ್ರ ಬರಲಿಲ್ಲ. ಮತ್ತೊಮ್ಮೆ ಉಜ್ಜಿದರು. ಬರಲಿಲ್ಲ. ಸುಮಿತಾ ಅದನ್ನು ನೋಡಿದಳು. ಅವಳು ನೋಡಿದ್ದು ಗಂಗೆಯ ಕಣ್ಣಿಗೂ ಬಿತ್ತು.

"ಅಮ್ಮಾ, ಹಲ್ಲು ರಾತ್ರಿ ತೆಗೆದಿಡ್ತೀರಲ್ಲ?"

"ಹೂಂ," ಅಂದಳು ಗಂಗೆ.

"ಹೆಚ್ಚಿನದು ಬೂಸ್ಟು. ಹಲ್ಲುಸೆಟ್ಟಿನ ಅಡಿಗೆ ಗಾಳಿಬೆಳಕು ಇಲ್ಲದೆ ಬೆಳೆದದ್ದು. ಈ ಒಂದು ಚೂರಿನ ವಿಷಯ ನಾನು ಈಗ ಹೇಳುವುದಿಲ್ಲ. ಎರಡು ವಾರ ಈ ಹನಿ ಔಷಧ ಬಾಯಿಗೆ ಹಾಕಿ, ಎಲೆತಂಬಾಕಿನ ಕವಳ ಪೂರ್ತಿ ನಿಲ್ಲಿಸಿ, ರಾತ್ರಿ ಕಡ್ಡಾಯ ಹಲ್ಲು ತೆಗೆದು ನೆನೆಹಾಕಿ. ಬೂಸ್ಟಾದರೆ ಹೋಗ್ತದೆ. ಹೋಗದಿದ್ದರೆ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು."

ಕತ್ತರಿಸಿ ಎಂಬ ಮಾತಿಗೆ ಮಾಬ್ಲ ಕುರ್ಚಿಯ ಕೈ ಹಿಡಿದುಕೊಂಡ.

ನೆನೆಹಾಕಲು ಡಾಕ್ಟರು ತೋರಿಸಿದ ಗುಳಿಗೆಯ ವಾಸನೆಗೆ ಗಂಗೆ ಮೂಗು ಮುಚ್ಚಿದಳು. "ಬಚ್ಚಲು ತೊಳಿಯೂ ಔಷಧ ಇದು. ಬಾಯಿಗೆ ಹಾಕೂ ವಸ್ತು ಇದರಲ್ಲಿ ಇಡೂದಾ? ನಮ್ಮ ಸುಮಿತಾನ ದಾಲ್ಚಿನ್ನಿ ನೀರಾದ್ರೆ ಇಡ್ತೆ."

ಡಾಕ್ಟರು ಸುಮಿತಾಳಿಂದ ವಿವರ ಕೇಳಿ ಸ್ವಲ್ಪ ನಕ್ಕರು. "ಇಡು. ಹಲ್ಲಿಗೆ ಹಾನಿ ಇಲ್ಲ. ಕುದಿಸಿದ ನೀರು ಪೂರ್ತಿ ತಣಿದಿರಬೇಕು, ಬಿಸಿಗೆ ಸೆಟ್ಟು ಸೊಟ್ಟಾಗ್ತದೆ. ಆದರೆ ಇದನ್ನೇ ನಂಬಿ ಹನಿ ತಪ್ಪಿಸಬೇಡಿ. ನಿನ್ನ ನೀರು ಏನು ಮಾಡ್ತದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಮನೆಯ ಊಟ ಬದಲಾಯಿತು. ಜಯಂತಿ ಮೆಣಸು ಅರೆಯುವುದನ್ನೇ ಬಿಟ್ಟಳು. ನೊಗಲಿ ಮೀನನ್ನು ಬರೀ ಅರಿಶಿನ, ತೆಂಗಿನ ಹಾಲಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿ ಅತ್ತೆಯ ಗಂಜಿಗೆ ಕಲಸಿ ಕೊಡುತ್ತಿದ್ದಳು. ನಿತೇಶ ಸಪ್ಪೆ ಸಾರನ್ನು ಸೊಲ್ಲೆತ್ತದೆ ಉಂಡ. ಕವಳದ ಸಂಚಿಯನ್ನು ಮಾಬ್ಲ ಎಲ್ಲಿಟ್ಟನೋ ಯಾರಿಗೂ ಗೊತ್ತಾಗಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಸುಮಿತಾ ಬಟ್ಟಲಿನಲ್ಲಿ ದಾಲ್ಚಿನ್ನಿ ನೀರು ಹಿಡಿದು ಅಜ್ಜಿಯ ಕೋಣೆಗೆ ಹೋಗುತ್ತಿದ್ದಳು. ಬಾಗಿಲು ಹಾಕಿಸಿ, ಸೆರಗು ಮುಚ್ಚಿಕೊಂಡು ಗಂಗೆ ಹಲ್ಲು ತೆಗೆದು ಅದರೊಳಗೆ ಬಿಡುತ್ತಿದ್ದಳು.

ಒಂದು ವಾರ ಕಳೆಯಿತು. ಸುಮಿತಾ ಬ್ಯಾಟರಿ ಹಿಡಿದು ನೋಡಿದಳು. ಕೆಂಪು ಹಾಗೇ ಇತ್ತು. ಬಿಳಿ ಹಾಗೇ ಇತ್ತು. ಬಲಗಡೆಯ ಚೂರು ಇನ್ನಷ್ಟು ದಪ್ಪವಾದ ಹಾಗೆ ಕಂಡಿತು.

ಹಲ್ಲುಸೆಟ್ಟಿನ ಒಳಮೈಯನ್ನು ಹತ್ತಿಕಡ್ಡಿಯಿಂದ ಒರೆಸಿಕೊಂಡು ಕಾಲೇಜಿಗೆ ಹೋಗಿ ಗಾಜಿನ ತಟ್ಟೆಗೆ ಹಚ್ಚಿದಳು. ಎರಡು ದಿನಕ್ಕೆ ತಟ್ಟೆಯ ತುಂಬ ಬೂಸ್ಟು.

"ರಾತ್ರಿಯಿಡೀ ನೆನೆದ ಹಲ್ಲಿನಲ್ಲಿ ಇಷ್ಟು ಬರಬಾರದು," ಅಂದರು ಪ್ರಣತಿ ಮೇಡಂ.

ಸುಮಿತಾಗೆ ಊಟ ಸೇರಲಿಲ್ಲ. ತನ್ನ ನೀರು ಕೆಲಸಕ್ಕೆ ಬಾರದ್ದು. ಅದನ್ನು ನಂಬಿ ಅಜ್ಜಿ ಆ ಗುಳಿಗೆಯನ್ನು ಬೇಡ ಅಂದಳು. ಇಲ್ಲವಾದರೆ ಅದು ಬೂಸ್ಟೇ ಅಲ್ಲ. ಎರಡರಲ್ಲಿ ಯಾವುದಾದರೂ ಅಜ್ಜಿಯ ಜೀವಕ್ಕೇ ಬಂತು. ಆ ದಿನ ಬಸ್ಸಿನಿಂದ ಇಳಿದವಳು ಮನೆಗೆ ಹೋಗಲು ಧೈರ್ಯವಾಗದೆ ನಿಲ್ದಾಣದ ಕಟ್ಟೆಯ ಮೇಲೆ ಕೂತೇ ಇದ್ದಳು.

ಗುಟ್ಟು ರಟ್ಟಾದದ್ದು ಜಯಂತಿಯಿಂದ. ಮಾವ ದೋಣಿಗೆ ಹೋಗುವ ಮೊದಲು ಚಾ ಕಾಯಿಸಿಕೊಡಲು ಅವಳು ಬೆಳಗಿನ ಜಾವಕ್ಕೇ ಏಳುತ್ತಿದ್ದಳು. ಆವತ್ತು ಬೆಕ್ಕು ಒಣಮೀನಿನ ಡಬ್ಬಿ ಉರುಳಿಸಿತು. ಒಳಕೋಣೆಯಿಂದ ಗಂಗೆಯ ದನಿ ಬಂತು: "ಥೂ ಶನಿ, ಸುಡಗಾಡಿಗೆ ಹೋಗು! ಸೊಂಟ ಮುರೀತೆ ನಿಂದು!"

ಜಯಂತಿ ಚಾ ಸೋಸುವುದನ್ನು ನಿಲ್ಲಿಸಿದಳು. ಹಲ್ಲಿಲ್ಲದ ಬಾಯಿಗೆ ಇಷ್ಟು ಚೊಕ್ಕವಾಗಿ ಬೈಯಲು ಬರುತ್ತದೆಯೇ? ಚಿಮಣಿ ದೀಪ ಹಿಡಿದು ಒಳಗೆ ಹೋದಳು. ಬಟ್ಟಲಿನಲ್ಲಿ ಕಂದು ನೀರಿತ್ತು, ಹಲ್ಲಿರಲಿಲ್ಲ.

"ಅತ್ತೆ, ಬಾಯಿ ತೆಗೀರಿ."

"ಎಂತಕ್ಕೆ?"

"ತೆಗೀರಿ ಅಂದೆ!"

ಗಂಗೆ ತೆಗೆಯಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ. ಜಯಂತಿಯ ಕೂಗಿಗೆ ಮನೆಯೆಲ್ಲ ಎದ್ದಿತು.

"ನನ್ನ ಮಗಳು ನಾಲ್ಕು ದಿನದಿಂದ ಕಣ್ಣೀರು ಹಾಕ್ತದೆ, ತನ್ನ ಔಷಧ ನಿಮ್ಮನ್ನ ಕೊಲ್ತದೆ ಅಂತ! ನೀವು ಅದರ ಮುಂದೆ ತೆಗೆದಂಗೆ ಮಾಡಿ, ಅದು ಆಚೆ ಹೋದ ಕೂಡ್ಲೇ ಬಾಯಿಗೆ ಹಾಕಂತ್ರ್ಯಾ?"

"ಅಜ್ಜಿ, ಎಂತಕ್ಕೆ?" ಸುಮಿತಾ ಬಟ್ಟಲು ಎತ್ತಿ ನೋಡಿದಳು. "ಒಂದು ರಾತ್ರಿನೂ ಇಟ್ಟಿಲ್ಯಾ?"

ಗಂಗೆ ಗಂಡನ ಕಡೆ ನೋಡಲಿಲ್ಲ. ನೆಲ ನೋಡಿಕೊಂಡು ಹೇಳಿದಳು: "ಹಲ್ಲು ತಂದ ದಿನ ತುಳಸಿ ಮುಂದೆ ಇಟ್ಟು ಕುಂಕುಮ ಹಚ್ಚಿ ಹಾಕಂಡದ್ದು ನಾನು. ಆಗ ಅವ್ರು ಅಂದ್ರು, ನಾ ಬದುಕಿರೂ ತನಕ ಇದು ನಿನ್ನ ಬಾಯಲ್ಲೇ ಇರ್ಬೇಕು, ಬೋಳು ಬಾಯಿ ನಾ ನೋಡೂದಿಲ್ಲ ಅಂತ. ತುಳಸಿ ಮುಂದೆ ಆಡಿದ ಮಾತು. ಕರಿಮಣಿ ಯಾರಾದ್ರೂ ರಾತ್ರಿ ತೆಗೆದಿಡ್ತ್ರಾ? ಇದೂ ಹಂಗೇ."

"ನಾ ಚೇಷ್ಟೆಗೆ ಅಂದದ್ದು ಮಾರಾಯ್ತಿ!" ಮಾಬ್ಲನಿಗೆ ನಗು ಬಂತು. ಯಾರೂ ನಗದ್ದು ನೋಡಿ ಅವನೂ ಸುಮ್ಮನಾದ.

"ಚೇಷ್ಟೆಯಾ? ಒಂದೇ ಒಂದು ಸಲ ಒಸಡು ನೋಯ್ತದೆ ಅಂತ ತೆಗೆದು ಮಲಗಿದೆ. ಮಾರನೇ ಬೆಳಿಗ್ಗೆ ಅಳಿವೆ ಬಾಯಲ್ಲಿ ದೋಣಿ ಮಗುಚಿತು. ನಿಮ್ಮನ್ನ ಜೊತೆ ದೋಣಿಲಿದ್ದ ಬೀರಾ ಕೂದಲು ಹಿಡಿದು ಎಳೆದು ತಂದ. ಹೊಟ್ಟೆ ಒತ್ತಿ ನೀರು ತೆಗೆದದ್ದು ನಾ ನೋಡ್ಲಿಲ್ಯಾ?"

ಆ ಬೆಳಗು ಎಲ್ಲರಿಗೂ ನೆನಪಿತ್ತು.

ನಿತೇಶ ತಲೆ ಚಚ್ಚಿಕೊಂಡ. "ಆಯಿ, ದೋಣಿ ಮಗುಚಿದ್ದು ಗಾಳಿಗೆ! ನಿನ್ನ ಹಲ್ಲಿಗಲ್ಲ! ಇಲ್ಲಿ ನೀ ಸಾಯ್ತೆ!"

"ಸತ್ತ್ರೆ ಕುಂಕುಮ ಇಟ್ಕಂಡು ಸಾಯ್ತೆ. ಅವ್ರನ್ನ ಕಳ್ಕಂಡು ಬದುಕಿ ಎಂತ ಮಾಡೂದು?"

ಸುಮಿತಾಳ ಪುಸ್ತಕದಲ್ಲಿ ಇದಕ್ಕೆ ಪಾಠವಿರಲಿಲ್ಲ. ಮಾಬ್ಲ ಎದ್ದು ಅಟ್ಟದ ಕೆಳಗಿಂದ ಒಂದು ತೆಂಗಿನಕಾಯಿ ಆರಿಸಿದ. ಬಾವಿಗೆ ಹೋಗಿ ಎರಡು ಕೊಡ ತಣ್ಣೀರು ತಲೆಗೆ ಹೊಯ್ದುಕೊಂಡು, ಒದ್ದೆ ಪಂಚೆಯಲ್ಲೇ ತುಳಸಿಕಟ್ಟೆಯ ಮುಂದೆ ನಿಂತ.

"ನಾ ಆಡಿದ ಮಾತು, ನಾನೇ ವಾಪಸ್ ತಗಂತೆ ತಾಯಿ," ಎಂದು ಕೇರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಕಾಯಿ ಇಟ್ಟ. "ತಪ್ಪಾಯ್ತು. ಈ ಹೆಂಗಸಿನ ಬಾಯಿ ಬೋಳಿರ್ಲಿ, ತುಂಬಿರ್ಲಿ, ನನ್ನ ಜೀವಕ್ಕೂ ಅದಕ್ಕೂ ನಂಟಿಲ್ಲ." ಹೆಂಡತಿಯ ಕಡೆ ತಿರುಗಿದ. "ಈಗ ತೆಗಿ."

"ನಾಳೆ ತೆಗೀತೆ. ಇವತ್ತು ನೀವು ದೋಣಿಗೆ ಹೋಗೂ ದಿನ."

"ಅದ್ಕೇ ಇವತ್ತು ತೆಗಿ. ನಾ ಮನೇಲಿ ಬಿದ್ಕಂಡ ದಿನ ತೆಗೆದ್ರೆ ನಿಂಗೆ ನಂಬಿಕೆ ಬರೂದಿಲ್ಲ. ನಾ ಹೋಗಿ ಬರಬೇಕು, ನೀ ನೋಡಬೇಕು."

"ಅಪ್ಪ, ಇವತ್ತು ಗಾಳಿ ಅದೆ," ಅಂದ ನಿತೇಶ. ಈಗ ಅವನ ದನಿಯೂ ಅಳುಕಿತು.

"ಗಾಳಿ ಇರ್ಲಿ. ದಿನಾ ಇರ್ತದೆ."

ಗಂಗೆ ಅವನ ಮುಖ ನೋಡಿದಳು. ಆಮೇಲೆ ಗೋಡೆಗೆ ತಿರುಗದೆ, ಸೆರಗು ಮುಚ್ಚದೆ, ಎಲ್ಲರ ಎದುರಿಗೇ ಹಲ್ಲು ತೆಗೆದು ಬಟ್ಟಲಿಗೆ ಬಿಟ್ಟಳು. ಕೆನ್ನೆ ಒಳಗೆ ಹೋಗಿ ಮುಖ ಇಷ್ಟೇ ಇಷ್ಟಾಯಿತು. ಮಾಬ್ಲ ನೋಡಿದ. "ಎಂತದೂ ಆಗ್ಲಿಲ್ಲ. ನಿನ್ನ ಅವ್ವನಂಗೆ ಕಾಣ್ತೆ ಅಷ್ಟೇ," ಅಂದು ಹುಟ್ಟು ಹೆಗಲಿಗೇರಿಸಿ ಹೊರಟ.

ಹೊತ್ತು ಏರಿತು. ಹೋದ ದೋಣಿಗಳು ಒಂದೊಂದಾಗಿ ಬಂದವು. ಮಾಬ್ಲ, ಬೀರಾ ಇದ್ದ ದೋಣಿ ಬರಲಿಲ್ಲ. ಗಂಗೆ ದಂಡೆಯ ಹೊಯಿಗೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸುಮಿತಾ, ಕಾಲೇಜಿಗೆ ಹೋಗಿರಲಿಲ್ಲ. ಗಾಳಿ ನಿಜವಾಗಿಯೂ ಜೋರಾಗಿತ್ತು. ಅಲೆಯ ತಲೆ ಒಡೆದು ಬೆಳ್ಳಗೆ ಹಾರುತ್ತಿತ್ತು. ಮೀನು ವಿಂಗಡಿಸುತ್ತಿದ್ದ ಹೆಂಗಸರು, "ಏ ಗಂಗಕ್ಕ, ಹಲ್ಲೆಲ್ಲಿ ಹೋಯ್ತೇ? ಬೆಕ್ಕು ಒಯ್ತಾ?" ಎಂದು ಕೆಣಕಿದರು. ಗಂಗೆ ಕೇಳಿಸಿಕೊಳ್ಳಲಿಲ್ಲ.

ಜಯಂತಿ ಬುಟ್ಟಿ ಹೊತ್ತು ಪೇಟೆಗೆ ಹೊರಟವಳು ಅರ್ಧ ದಾರಿಯಿಂದ ವಾಪಸು ಬಂದಳು. ನಿತೇಶ ಕೆಲಸ ಬಿಟ್ಟು ಬಂದ. ಬಂದ ದೋಣಿಯವರನ್ನೆಲ್ಲ ನಿತೇಶ ಕೇಳಿದ. ಗುಡ್ಡೆಯ ಆಚೆ ನೋಡಿದ್ದೆವು, ಆಮೇಲೆ ನೋಡಲಿಲ್ಲ ಅಂದರು.

ಸುಮಿತಾ ಕಡಲನ್ನೇ ನೋಡುತ್ತಿದ್ದಳು. ಬೂಸ್ಟು, ತಟ್ಟೆ, ದಾಲ್ಚಿನ್ನಿ ಎಲ್ಲ ತಲೆಯಿಂದ ಹಾರಿಹೋಗಿ ಬರೀ ಭಯ ಉಳಿದಿತ್ತು. ಅಜ್ಜ ಬರದಿದ್ದರೆ? ಅವಳ ಬಾಯಿಂದ ತನಗೇ ಗೊತ್ತಿಲ್ಲದೆ ಮಾತು ಹೊರಟಿತು.

"ಅಜ್ಜಿ… ತಂದ್ಕೊಡ್ಲಾ? ಹಾಕ್ಕಂತ್ಯಾ?"

ಗಂಗೆ ಮೊಮ್ಮಗಳ ಕಡೆ ತಿರುಗಿದಳು. ಕಾಲೇಜು ಓದಿದ ಹುಡುಗಿಯ ಕಣ್ಣಲ್ಲಿ ತನ್ನದೇ ಹೆದರಿಕೆ ಕಂಡಿತು. ತಲೆ ಅಲ್ಲಾಡಿಸಿದಳು.

"ಬೇಡ." ಬೋಳು ಬಾಯಿಯಿಂದ ಮಾತು ಗಾಳಿಯ ಜೊತೆ ಹೊರಬಂತು. "ಈಗ ಹಾಕ್ಕಂಡು, ಅವ್ರು ಬಂದ್ರು ಅಂದ್ಕ. ಹಲ್ಲಿಂದ್ಲೇ ಬಂದದ್ದು ಅಂತ ಆಗ್ತದೆ. ಮತ್ತೆ ಈ ಜಲ್ಮದಲ್ಲಿ ನಾ ತೆಗಿಯೂಕಿಲ್ಲ."

ಸುಮಿತಾ ಅಜ್ಜಿಯ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಬಿಸಿಲು ಪಡುವಣಕ್ಕೆ ವಾಲಿದ ಮೇಲೆ ನಿತೇಶ ಮೊದಲು ನೋಡಿದ. ಗುಡ್ಡೆಯ ಮೂಲೆಯಿಂದ ಒಂದು ಕಪ್ಪು ಗೀಟು, ಅಲೆಯಲ್ಲಿ ಮುಳುಗಿತು, ಎದ್ದಿತು. ಬಲೆ ಬಂಡೆಗೆ ಸಿಕ್ಕಿ, ಬಿಡಿಸಲು ಹೋಗಿ, ಕೊನೆಗೆ ಕತ್ತರಿಸಿಕೊಂಡು ಬಂದಿದ್ದರು. ದೋಣಿ ದಂಡೆಗೆ ತಾಗುವ ಮೊದಲೇ ಗಂಗೆ ಮೊಣಕಾಲುದ್ದ ನೀರಿನಲ್ಲಿದ್ದಳು.

"ಬಲೆ ಬೇಕಾ ನಿಮ್ಗೆ, ಬಲೆ? ಹಾಳಾಗಿ ಹೋಗ್ಲಿ ಆ ಬಲೆ! ಇಲ್ಲಿ ನನ್ನ ಪ್ರಾಣ ಹೋಗಿ ಬಂತು!"

ಇಡೀ ದಂಡೆ ತಿರುಗಿ ನೋಡಿತು. ಒಂದು ಅಕ್ಷರವೂ ನೆಟ್ಟಗೆ ಬರುತ್ತಿರಲಿಲ್ಲ. ಅವಳು ನಿಲ್ಲಿಸಲೂ ಇಲ್ಲ. ಬೀರಾ ದೋಣಿಯಲ್ಲಿ ಕೂತು ನಕ್ಕ: "ಮಾಬ್ಲಣ್ಣ, ಹಲ್ಲಿದ್ದಾಗ್ಲೇ ಒಳ್ಳೇದಿತ್ತು, ಸ್ವಲ್ಪ ಕಡಿಮೆ ಬೈತಿತ್ತು."

ಅಲ್ಲಿಂದ ಎರಡು ವಾರ ಹಲ್ಲು ರಾತ್ರಿಯಿಡೀ ಬಟ್ಟಲಲ್ಲೇ ಇತ್ತು. ಹನಿ ಔಷಧವೂ ತಪ್ಪಲಿಲ್ಲ. ಸುಮಿತಾ ಮತ್ತೆ ಒರೆಸಿಕೊಂಡು ಹೋದ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಬೂಸ್ಟಿರಲಿಲ್ಲ. "ಇದು ದಾಲ್ಚಿನ್ನಿಯಿಂದಲಾ, ಹನಿಯಿಂದಲಾ, ಬಾಯಿಗೆ ಗಾಳಿ ಆಡಿದ್ದರಿಂದಲಾ ಮೇಡಂ?" ಎಂದು ಕೇಳಿದಳು. "ಗೊತ್ತಿಲ್ಲ," ಅಂದರು ಪ್ರಣತಿ ಮೇಡಂ. "ಗೊತ್ತಿಲ್ಲ ಅಂತಲೇ ಬರಿ."

ಡಾಕ್ಟರ ಕುರ್ಚಿಯಲ್ಲಿ ಗಂಗೆ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು. ಕುರ್ಚಿಯ ಪಕ್ಕ ನಿಂತ ಮಾಬ್ಲನ ಬೆರಳನ್ನು ಮುರಿದುಬಿಡುವ ಹಾಗೆ ಹಿಡಿದಿದ್ದಳು. ದೀಪ ಬಂತು. ಹತ್ತಿ ಬಂತು. ಬಲಗಡೆಯ ಅಂಚಿನಲ್ಲಿ ಡಾಕ್ಟರು ಒಂದು ಸಲ ಉಜ್ಜಿದರು, ಮತ್ತೆ ಬೆರಳಿನಿಂದ ಮುಟ್ಟಿ ನೋಡಿದರು.

"ಕತ್ತರಿಸುವುದು ಬೇಡ," ಅಂದರು. "ಹೋಗಿದೆ. ಆದರೆ ಇಷ್ಟು ವರ್ಷ ತಂಬಾಕು ತಿಂದ ಬಾಯಿ ಇದು. ನಾಲ್ಕು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ರಾತ್ರಿ ಹಲ್ಲು ಹಾಕಿಕೊಂಡರೆ ಎಲ್ಲ ಮತ್ತೆ ಶುರು."

ಮರುದಿನ ಜಯಂತಿ ಬಂಗಡೆ ಸಾರು ಮಾಡಿದಳು. ಮೆಣಸು ಅರ್ಧಕ್ಕರ್ಧ. ಗಂಗೆ ತಲೆಯ ತುಂಡನ್ನು ಕೇಳಿ ಹಾಕಿಸಿಕೊಂಡಳು. ಮಾಬ್ಲ ಊಟಕ್ಕೆ ಕೂತವನು ಎದೆ ಉಜ್ಜಿಕೊಂಡ.

"ಎಂತ ಆಯ್ತು ಮಾವ?" ಜಯಂತಿ ಸೌಟು ಹಿಡಿದೇ ಕೇಳಿದಳು.

"ಎಂತ ಅಂತ ಹೇಳೂದು? ಹಲ್ಲು ತೆಗೆದಿಟ್ಟಾಗಿಂದ ನಿಮ್ಮತ್ತೆ ರಾತ್ರಿಯೆಲ್ಲಾ ನನ್ನ ಎದಿ ಮೇಲೆ ಕೈ ಇಟ್ಟೇ ಮಲಗ್ತದೆ. ಮಗ್ಗುಲಾಗೂಕೆ ಬಿಡೂದಿಲ್ಲ. ಉಸಿರು ಕಟ್ತದೆ ನಂಗೆ."

ಗಂಗೆ ಬಂಗಡೆಯ ಕಿವಿರು ಚೀಪುತ್ತ ತಲೆ ಎತ್ತದೆ ಅಂದಳು: "ಕಟ್ಟಿದ್ರೆ ಗೊತ್ತಾಗ್ಲಿ ಅಂತ್ಲೇ ಇಡೂದು."